ಒಳ್ಳೆಯವರ ಮೇಲೂ ಸಿಟ್ಟು ಬರುತ್ತದೆ

ತೀರಿಕೊಂಡ ಗಂಡನ ಮೇಲೆ ಹೆಂಡತಿಗೆ ಸಿಟ್ಟಿರುವ ಪ್ರಕರಣ, ಆಪ್ತಸಲಹೆಗೆಂದು ನನ್ನ ಬಳಿ ಮತ್ತೆ ಮತ್ತೆ ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಸಣ್ಣ ಊರು. ಯಜಮಾನರದು ಹಿಟ್ಟಿನ ಗಿರಣಿ. ವೈಕುಂಠ ಸಮಾರಾಧನೆ ದಿನ ಬಂದವರೆಲ್ಲ ಅವರನ್ನು ಹೊಗಳುತ್ತಿದ್ದಾಗ ಹೆಂಡತಿ ಎದ್ದು ಒಳಗೆ ಹೋದರಂತೆ. ಆಮೇಲೂ ಅಷ್ಟೇ, ಹೊಗಳಿಕೆ ಶುರುವಾದರೆ ಇವರು ಅಡುಗೆಮನೆಗೆ. ವರ್ಷದ ತಿಥಿ ಹತ್ತಿರ ಬಂದಾಗ ಮಕ್ಕಳು ಕರೆತಂದರು. "ಅಮ್ಮ ಅಳೋದೇ ಇಲ್ಲ, ಡಿಪ್ರೆಶನ್ ಇರಬೇಕು" ಎಂದರು.

ಮಕ್ಕಳನ್ನು ಹೊರಗೆ ಕೂರಿಸಿದೆ. "ರಾತ್ರಿ ಊಟಕ್ಕೆ ಬಂದಾಗ ಹೇಗಿರ್ತಿದ್ರು?" ಎಂದು ಕೇಳಿದೆ.

"ಕೂತಲ್ಲೇ ತೂಕಡಿಸ್ತಿದ್ರು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಎಲ್ಲರೂ ದುಡಿದ್ರು ದುಡಿದ್ರು ಅಂತಾರೆ. ಆ ದುಡಿಮೆ ಕಂಡ್ರೇ ನಂಗೆ ಸಿಟ್ಟು. ಹಬ್ಬಕ್ಕೂ ಬಾಗಿಲು ಹಾಕ್ಲಿಲ್ಲ. ಸಾಲ ಹೇಳಿದೋರಿಗೆಲ್ಲ 'ಇದ್ದಾಗ ಕೊಡಿ' ಅಂದ್ರು. ಊರಿಗೆ ಒಳ್ಳೇರು. ತಿಂಗಳ ಕೊನೇಲಿ ಅಕ್ಕಿಡಬ್ಬ ಕೆರೆದೋಳು ನಾನು. ಒಂದು ಸಂಜೆ ನನ್ನ ಜೊತೆ ಕೂತು ಮಾತಾಡ್ಲಿಲ್ಲ ಪುಣ್ಯಾತ್ಮ." ಆಗ ಅತ್ತರು. ಅಳು ನಿಂತ ಮೇಲೆ ಕೇಳಿದ್ದು ಒಂದೇ: "ಹಿಂಗೆ ಅನ್ಸೋದು ಪಾಪ ಅಲ್ವಾ?"

ಅಲ್ಲ ಎಂದೆ. ಆ ಮನುಷ್ಯ ಒಳ್ಳೆಯವರೇ. ಆ ಒಳ್ಳೆತನದ ಖರ್ಚಿನಲ್ಲಿ ಒಂದು ಪಾಲು ಇವರದು. ಹೊಗಳುವವರು ಆ ಪಾಲನ್ನು ಬಿಟ್ಟೇ ಮಾತಾಡುತ್ತಾರೆ. ಸಿಟ್ಟನ್ನು ಒಳಗೇ ಅದುಮಿಟ್ಟವರಿಗೆ ಅಳುವೂ ಬರುವುದಿಲ್ಲ. ಇದನ್ನು ಬಹಳ ಮನೆಗಳಲ್ಲಿ ನೋಡಿದ್ದೇನೆ.

ಮಕ್ಕಳಿಗೆ ಹೇಳಿದ್ದು ಇಷ್ಟು: ಅಮ್ಮ ಅಪ್ಪನನ್ನು ದೂರಿದರೆ "ಈಗ್ಯಾಕಮ್ಮ ಅದು" ಎನ್ನಬೇಡಿ. ಸುಮ್ನೆ ಕೇಳಿ. ತಿಥಿಗೆ ಬಂದವರ ಮುಂದೆ ಕೂರಲೇಬೇಕೆಂದು ಒತ್ತಾಯ ಮಾಡಬೇಡಿ.

ದೊಡ್ಡ ಮಗನಿಗೆ ಇದು ಹಿಡಿಸಲಿಲ್ಲ. "ಸತ್ತವರನ್ನ ಆಡ್ಕೊಳ್ಳಿ ಅಂತೀರಾ?" ಎಂದ. ಹಿರಿಯರೂ ಹೀಗೇ ಗದರುತ್ತಾರೆ. ನಾನು ಆಡಿಕೊಳ್ಳಿ ಎನ್ನುತ್ತಿಲ್ಲ. ಜೊತೆಗೆ ಬಾಳಿದವಳ ಲೆಕ್ಕವೇ ಇಲ್ಲದ ನೆನಪು ಅರ್ಧ ನೆನಪು ಎನ್ನುತ್ತಿದ್ದೇನೆ. ಅವನೂ ಈಗ ರಜೆಯಿಲ್ಲದೆ ಗಿರಣಿ ನಡೆಸುತ್ತಿದ್ದಾನೆ, ಸುಸ್ತಾಯಿತೆಂದರೆ ಅಪ್ಪನಿಗೆ ಅವಮಾನ ಎಂಬಂತೆ. ಅದನ್ನೂ ಹೇಳಿದೆ. ಉತ್ತರ ಬರಲಿಲ್ಲ.

ಮಗಳು ಫೋನಿನಲ್ಲಿ ದುಃಖದ ಐದು ಹಂತ (ನಂಬದಿರುವುದು, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವುದು) ಓದಿಕೊಂಡು, ಅಮ್ಮ ಎಷ್ಟನೆಯದರಲ್ಲಿದ್ದಾರೆ ಎಂದು ಕೇಳಿದಳು. ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಆ ಹಂತಗಳನ್ನು ಹೇಳಿದ್ದು ಸಾವಿನ ಹತ್ತಿರವಿದ್ದ ರೋಗಿಗಳನ್ನು ಮಾತಾಡಿಸಿ. ಉಳಿದವರ ದುಃಖ ಕ್ಲಾಸು ಪಾಸಾದಂತೆ ಒಂದೊಂದಾಗಿ ಮೇಲೆ ಹೋಗುವುದಿಲ್ಲ.

ಇದು ಡಿಪ್ರೆಶನ್ ಎಂದು ನನಗೆ ಅನಿಸಲಿಲ್ಲ. ನಿದ್ದೆ, ಊಟ, ಮನೆಗೆಲಸ ಎಲ್ಲ ಸರಿಯಾಗಿತ್ತು. ಆರು ತಿಂಗಳು ಕಳೆದರೂ ದಿನದ ಬದುಕೇ ನಡೆಯದಷ್ಟು ಹೋದವರ ಹಂಬಲ ಕಾಡಿದರೆ, ಸಾಯುವ ಮಾತು ಯಾವಾಗ ಬಂದರೂ, ಕಾಯಬೇಡಿ, ಮನೋವೈದ್ಯರಿಗೆ ತೋರಿಸಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು.