ಟಾಲ್‌ಸ್ಟಾಯ್ ಮತ್ತೆ ಹಿಡಿಸುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಮೇಡಂ, ಕಾಲೇಜಿನಲ್ಲಿದ್ದಾಗ ಟಾಲ್‌ಸ್ಟಾಯ್ ಅಂದರೆ ನನಗೆ ಪ್ರಾಣ. ‘ಅನ್ನಾ ಕರೆನಿನಾ’ ಓದಿ ರಾತ್ರಿಯೆಲ್ಲ ಅತ್ತಿದ್ದೆ. ಆಮೇಲೆ ಕೆಲಸ, ಮನೆ, ಮಕ್ಕಳು ಅಂತ ಎಷ್ಟೋ ವರ್ಷ ಅವರ ಪುಸ್ತಕ ಮುಟ್ಟಲಿಲ್ಲ. ಈಗ ಮತ್ತೆ ಹಿಡಿದರೆ ಅನ್ನಾಳ ಮೇಲೆ ಸಿಟ್ಟು ಬರುತ್ತಿದೆ. ಅವಳ ಪ್ರಿಯಕರ ವ್ರಾನ್‌ಸ್ಕಿ ಸಪ್ಪೆ ಅನ್ನಿಸುತ್ತಾನೆ. ನನ್ನ ರುಚಿಯೇ ಕೆಟ್ಟಿತಾ? ಮುಂದುವರಿಸಲಾ, ಬಿಡಲಾ?

ಉತ್ತರ: ಬಿಡಬೇಡಿ. ರುಚಿ ಕೆಟ್ಟಿದ್ದರೆ ಬೇಜಾರಾಗುತ್ತಿತ್ತು, ಸಿಟ್ಟು ಬರುತ್ತಿರಲಿಲ್ಲ.

ಆಗ ನೀವು ಅನ್ನಾಳ ಜೊತೆ ಹೋಗಿದ್ದಿರಿ. ಈ ಸಲ ಡಾಲಿಯ ಜೊತೆ ಹೋಗಿ. ಅನ್ನಾಳ ಅತ್ತಿಗೆ, ಸ್ಟೀವನ ಹೆಂಡತಿ. ಇಪ್ಪತ್ತರ ವಯಸ್ಸಿನಲ್ಲಿ ಅವಳನ್ನು ಯಾರು ಗಮನಿಸುತ್ತಾರೆ ಹೇಳಿ? ಈಗ ನನಗಂತೂ ಇಡೀ ಕಾದಂಬರಿಯಲ್ಲಿ ಅವಳಷ್ಟು ಹತ್ತಿರದವರು ಯಾರೂ ಇಲ್ಲ.

ಆರನೇ ಭಾಗದಲ್ಲಿ ಅವಳು ಅನ್ನಾಳನ್ನು ನೋಡಲು ವ್ರಾನ್‌ಸ್ಕಿಯ ಹಳ್ಳಿಮನೆಗೆ ಹೊರಡುತ್ತಾಳಲ್ಲ, ಅಲ್ಲಿ ನಿಧಾನವಾಗಿ ಓದಿ. ಗಾಡಿಯಲ್ಲಿ ಕೂತವಳಿಗೆ ದಾರಿಯುದ್ದಕ್ಕೂ ಬಸಿರು, ಬಾಣಂತನ, ಮಕ್ಕಳ ಕಾಯಿಲೆ, ತೀರಿಹೋದ ಕೂಸು, ಎಲ್ಲ ನೆನಪಾಗುತ್ತದೆ. ಮನೆಯಲ್ಲಿ ಯೋಚಿಸೋಕೂ ಪುರುಸೊತ್ತಿರಲಿಲ್ಲ. ಅನ್ನಾ ಗಂಡನನ್ನು ಬಿಟ್ಟು ವ್ರಾನ್‌ಸ್ಕಿಯ ಜೊತೆ ಹೋದದ್ದರಲ್ಲಿ ತಪ್ಪೇನು ಅಂತಲೂ ಅನ್ನಿಸಿಬಿಡುತ್ತದೆ. ಅಲ್ಲಿಗೆ ಹೋದರೆ, ಮನೆಯಲ್ಲಿ ಹೆಮ್ಮೆಪಡುತ್ತಿದ್ದ ತನ್ನ ಬಟ್ಟೆಯ ತೇಪೆಗಳನ್ನೇ ಅನ್ನಾಳ ಕೆಲಸದವಳ ಕಣ್ಣಿಗೆ ಬೀಳಿಸಲು ನಾಚಿಕೆ. ಮರುದಿನವೇ ಮಕ್ಕಳ ಹತ್ತಿರ ಹೊರಟುಬಿಡುತ್ತಾಳೆ.

ಅನ್ನಾಳಿಗೆ ಕಣ್ಣು ಕಿರಿದು ಮಾಡುವ ಹೊಸ ಅಭ್ಯಾಸ ಬಂದಿದೆ ಅಂತ ಕಂಡುಹಿಡಿಯುವವಳೂ ಡಾಲಿಯೇ. ಮನಸ್ಸಿನ ಒಳಗಿನ ಮಾತು ಬಂದಾಗಲೆಲ್ಲ ಹಾಗೆ ಮಾಡುತ್ತಾಳೆ, ತನ್ನ ಬದುಕನ್ನು ಪೂರ್ತಿ ಕಾಣಲು ಇಷ್ಟವಿಲ್ಲದವಳ ಹಾಗೆ. ಇದನ್ನು ಓದಿದ ಮೇಲೂ ಅನ್ನಾಳ ಮೇಲೆ ಸಿಟ್ಟು ಉಳಿಯುತ್ತದಾ, ನೋಡಿ. ನನಗೆ ಉಳಿಯಲಿಲ್ಲ.

ವ್ರಾನ್‌ಸ್ಕಿ ಸಪ್ಪೆಯಾದರೆ ಆಗಲಿ ಬಿಡಿ.

ಬೇಗ ಮುಗಿಸಬೇಕು ಅನ್ನುವ ಹಟ ಬೇಡ. ಇದು 1875ರಿಂದ 1877ರವರೆಗೆ ಪತ್ರಿಕೆಯಲ್ಲಿ ಕಂತುಕಂತಾಗಿ ಬಂದ ಕಾದಂಬರಿ. ಮೊದಲ ಓದುಗರೂ ಕಾದು ಕಾದು ಓದಿದವರೇ. ಒಟ್ಟು 239 ಅಧ್ಯಾಯ, ಬಹಳಷ್ಟು ಚಿಕ್ಕವು. ಮಲಗುವ ಮುಂಚೆ ಎರಡು ಮೂರು ಓದಿದರೂ ಸಾಕು. ಅದೂ ಜಾಸ್ತಿ ಅನ್ನಿಸಿದರೆ ಟಾಲ್‌ಸ್ಟಾಯ್ ಅವರದೇ 1886ರ ‘ಇವಾನ್ ಇಲ್ಯಿಚ್‌ನ ಸಾವು’ ಮೊದಲು ಓದಿ. ಚಿಕ್ಕದು. ನಡುವಯಸ್ಸು ದಾಟಿದವರಿಗೆ ಅದು ನಾಟುವ ರೀತಿಯೇ ಬೇರೆ.

ಇನ್ನೊಂದು ಮಾತು. ‘ಅನ್ನಾ ಕರೆನಿನಾ’ದಲ್ಲಿ ಜಮೀನ್ದಾರ ಲೆವಿನ್ ರೈತರ ಜೊತೆ ಹುಲ್ಲು ಕೊಯ್ಯುವ ಅಧ್ಯಾಯಗಳನ್ನು ಆಗ ಹಾರಿಸಿದ್ದಿರಾದರೆ, ಈ ಸಲ ದಯವಿಟ್ಟು ಹಾರಿಸಬೇಡಿ.