ಒಂದು ಫೈಲೂ ಮುಟ್ಟಿಲ್ಲ, ಆದರೂ ತಪ್ಪು ನನ್ನದಾ?

ನೀವು ಬರೆದದ್ದು ಇಷ್ಟು: ಹಾಸ್ಟೆಲ್ ರೂಮ್‌ಮೇಟ್‌ನ ಡೆಸ್ಕ್‌ಟಾಪ್‌ ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ವಾಲ್‌ಪೇಪರ್ ಮಾಡಿದಿರಿ, ನಿಜವಾದ ಐಕಾನ್‌ಗಳನ್ನು ಅಡಗಿಸಿಟ್ಟು ಊರಿಗೆ ಹೋದಿರಿ. ಎಲ್ಲಿ ಒತ್ತಿದರೂ ಏನೂ ತೆರೆಯದೆ ಅವನು ವೈರಸ್ ಅಂದುಕೊಂಡ, ಅಂಗಡಿಗೆ ಕೊಟ್ಟು ಫಾರ್ಮ್ಯಾಟ್ ಮಾಡಿಸಿದ. ಪ್ರಾಜೆಕ್ಟ್ ರಿಪೋರ್ಟ್ ಹೋಯಿತು. ಈಗ ಮಾತು ಬಿಟ್ಟಿದ್ದಾನೆ.

ಬ್ಯಾಕಪ್ ಇಡದಿದ್ದದ್ದು ಅವನ ತಪ್ಪು, ಒಳಗಿನ ಫೈಲ್ ಬೇಕಾ ಅಂತ ಕೇಳದೆ ಫಾರ್ಮ್ಯಾಟ್ ಹೊಡೆದದ್ದು ಅಂಗಡಿಯವನ ತಪ್ಪು. ಆದರೂ ದೊಡ್ಡ ಪಾಲು ನಿಮ್ಮದೇ.

ನನ್ನದೂ ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಇದೇ ತಮಾಷೆಗೆ ಸಿಕ್ಕಿಕೊಂಡ ಹುಡುಗಿಯೊಬ್ಬಳು ಒಮ್ಮೆ ಬಂದಿದ್ದಳು. "ಸಾರ್, ಎಲ್ಲಾ ಕಾಣ್ತಿದೆ, ಯಾವ್ದೂ ಓಪನ್ ಆಗ್ತಿಲ್ಲ." ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿದೆ. ಡಿಲೀಟ್, ರಿನೇಮ್ ಇರುವ ಮೆನು ಬರಬೇಕಿತ್ತು, ಖಾಲಿ ಜಾಗದ ಮೆನು ಬಂತು. ಅಂದರೆ ಕಾಣ್ತಿದ್ದದ್ದು ಬರೀ ಚಿತ್ರ. ಅಲ್ಲೇ ವ್ಯೂಗೆ ಹೋಗಿ 'ಶೋ ಡೆಸ್ಕ್‌ಟಾಪ್ ಐಕಾನ್ಸ್' ಒತ್ತಿದೆ. ನೋಡೋಕೆ ಏನೂ ಬದಲಾಗಲಿಲ್ಲ, ಆದರೆ ಫೋಲ್ಡರ್ ತೆರೆಯಿತು! ಅವಳು ಮೊದಲು ನಿಟ್ಟುಸಿರು ಬಿಟ್ಟಳು. ಆಮೇಲೆ ಫೋನ್ ತೆಗೆದು ಯಾರಿಗೋ ಸರಿಯಾಗಿ ಬೈದಳು. ದುಡ್ಡು ತಗೊಳ್ಳಲಿಲ್ಲ ಬಿಡಿ.

ಗೊತ್ತಿದ್ದವರಿಗೆ ಅರ್ಧ ನಿಮಿಷದ ಕೆಲಸ. ಗೊತ್ತಿಲ್ಲದವರು ಗಾಬರಿಯಲ್ಲಿ ಪವರ್ ಬಟನ್ ಅದುಮುತ್ತಾರೆ, ಯಾವುದೋ ವಿಡಿಯೋ ನೋಡಿ ರೀಸೆಟ್ ಕೊಡುತ್ತಾರೆ. ಕೆಡೋದು ಆಗಲೇ. ಮೌಸ್ ಅಡಿಗೆ ಟೇಪ್ ಅಂಟಿಸಿ ಪಕ್ಕದಲ್ಲೇ ಕೂತು ನಗೋದು ಬೇರೆ, ಮಾಡಿಟ್ಟು ಬಸ್ ಹತ್ತೋದು ಬೇರೆ, ಅಲ್ವಾ?

ಈ ಚಾಳಿ ಹಳೆಯದು. ಅಮೆರಿಕದಲ್ಲಿ ರಿಚ್ ಸ್ಕ್ರೆಂಟಾ ಎಂಬ ಹುಡುಗ ಗೆಳೆಯರಿಗೆ ಕೊಡುವ ಗೇಮ್ ಡಿಸ್ಕ್‌ಗಳಲ್ಲಿ ಕೀಟಲೆ ತುಂಬಿಸುತ್ತಿದ್ದ. ಗೆಳೆಯರು ಅವನಿಂದ ಡಿಸ್ಕ್ ತಗೊಳ್ಳೋದನ್ನೇ ಬಿಟ್ಟರು. ಆಗ ಅವನು, 1982ರಲ್ಲಿ, ತಾನಾಗಿ ಡಿಸ್ಕ್‌ನಿಂದ ಡಿಸ್ಕ್‌ಗೆ ಹರಡುವ 'ಎಲ್ಕ್ ಕ್ಲೋನರ್' ಬರೆದ. ಸೋಂಕಿದ ಡಿಸ್ಕ್‌ನಿಂದ 50ನೇ ಸಲ ಆಪಲ್ 2 ಕಂಪ್ಯೂಟರ್ ಶುರು ಮಾಡಿದಾಗ ಒಂದು ಪದ್ಯ ತೋರಿಸುತ್ತಿತ್ತು. ಬರೆದವನ ಕಂಪ್ಯೂಟರ್ ದಾಟಿ ಹೊರಗೆ ಹರಡಿದ ಮೊದಲ ವೈರಸ್‌ಗಳಲ್ಲಿ ಅದೂ ಒಂದು.

ಈಗ ಮುಖ್ಯ ವಿಷಯ. ಆ ಲ್ಯಾಪ್‌ಟಾಪ್ ಬಳಸೋದನ್ನು ಇವತ್ತೇ ನಿಲ್ಲಿಸಲಿ. ಹೊಸದಾಗಿ ಏನೇ ಹಾಕಿದರೂ ಹಳೇ ಫೈಲ್ ಮೇಲೆ ಕೂರಬಹುದು. ಒಳಗಿರೋದು ಹಾರ್ಡ್ ಡಿಸ್ಕ್ ಆಗಿದ್ದು, ಫೈಲ್‌ಗಳ ಪಟ್ಟಿ ಮಾತ್ರ ಅಳಿಸುವ ಕ್ವಿಕ್ ಫಾರ್ಮ್ಯಾಟ್ ಆಗಿದ್ದರೆ ರಿಕವರಿಯಲ್ಲಿ ಸಿಗುವ ಸಾಧ್ಯತೆ ಚೆನ್ನಾಗಿದೆ. ಎಸ್‌ಎಸ್‌ಡಿ, ಅಂದರೆ ತಿರುಗುವ ಡಿಸ್ಕ್ ಬದಲು ಚಿಪ್‌ನಲ್ಲಿ ಫೈಲ್ ಇಡುವ ಡ್ರೈವ್ ಆದರೆ ಜಾಸ್ತಿ ಆಸೆ ಬೇಡ, ಟ್ರಿಮ್ ಅನ್ನೋ ವ್ಯವಸ್ಥೆ ಫೈಲ್ ಅಳಿಸಿ ಖಾಲಿಯಾದ ಜಾಗವನ್ನು ಬೇಗ ಒರೆಸಿಬಿಡುತ್ತದೆ. ಫಾರ್ಮ್ಯಾಟ್ ಮಾಡದೆ ವಿಂಡೋಸ್ ಮಾತ್ರ ಮತ್ತೆ ಹಾಕಿದ್ದರೆ ಸಿ ಡ್ರೈವ್‌ನಲ್ಲಿ 'ವಿಂಡೋಸ್ ಡಾಟ್ ಓಲ್ಡ್' ಫೋಲ್ಡರ್ ಇದೆಯಾ ನೋಡಿ. ಅದೂ ಕೆಲವೇ ದಿನ ಇರುತ್ತದೆ. ಒನ್‌ಡ್ರೈವ್, ಗೈಡ್‌ಗೆ ಕಳಿಸಿದ ಮೇಲ್, ವಾಟ್ಸಾಪ್‌ನಲ್ಲಿ ಹೋದ ಪಿಡಿಎಫ್, ಜೆರಾಕ್ಸ್ ಅಂಗಡಿಗೆ ಒಯ್ದ ಪೆನ್‌ಡ್ರೈವ್, ಎಲ್ಲಾ ಹುಡುಕಿ.

ರಿಕವರಿ ಖರ್ಚು ನೀವೇ ಕೊಡಿ. ಸಿಗದಿದ್ದರೆ ಟೈಪಿಂಗ್‌ಗೆ ಕೂರಿ. 'ಸುಮ್ನೆ ತಮಾಷೆಗೆ' ಅನ್ನೋ ಮಾತು ಮಾತ್ರ ಬೇಡ, ಅದು ಇನ್ನೂ ಉರಿಸುತ್ತದೆ. ಗಡುವು ಮುಂದೂಡಿ ಅಂತ ಕೇಳೋಕೆ ಗೈಡ್ ಹತ್ತಿರ ಅವನ ಜೊತೆ ನೀವೂ ಹೋಗಿ, ನಡೆದದ್ದನ್ನು ನೀವೇ ಹೇಳಿ.