ಆಟಿಸಂ ಇರುವ ಮಗ ಶಾಲೆಯ ಬ್ಯಾಂಡಿಗೆ ಸೇರ್ತೀನಿ ಅಂತಿದ್ದಾನೆ, ಸೇರಿಸಬಹುದಾ?

ನಿಮ್ಮ ಮಗನಿಗೆ 14 ವರ್ಷ, ಆಟಿಸಂ ಇದೆ, ಬ್ಯಾಂಡಿಗೆ ಸೇರಬೇಕು ಅಂತ ಅವನೇ ಹಟ ಹಿಡಿದಿದ್ದಾನೆ. ಶಾಲೆಯವರು ಮಾತ್ರ ಅಷ್ಟು ಸದ್ದು ಅವನಿಗೆ ಆಗಲ್ಲ ಅಂತ ಹಿಂದೇಟು ಹಾಕುತ್ತಿದ್ದಾರೆ. ಏನು ಮಾಡಲಿ ಅಂತ ಕೇಳಿದ್ದೀರಿ.

ಸೇರಿಸಿ. ಅವನೇ ಬಾಯಿಬಿಟ್ಟು ಕೇಳಿದ್ದಾನಲ್ಲ, ಅದೇ ದೊಡ್ಡದು.

ನಾನು ಬೆಳಗಾವಿಯವಳು. ನನ್ನ ಮಗನಿಗೂ ಆಟಿಸಂ ಇದೆ. ಒಂಬತ್ತನೇ ತರಗತಿ, ಬ್ಯಾಂಡಿನಲ್ಲಿ ಸೈಡ್ ಡ್ರಮ್ ಬಾರಿಸುತ್ತಾನೆ. ಮನೆಯಲ್ಲಿ ಮಿಕ್ಸರ್ ಹಾಕಿದರೆ ಕಿವಿ ಮುಚ್ಚಿಕೊಂಡು ಹೊರಗೆ ಓಡುವ ಹುಡುಗ ಅವನು. ಆದರೆ ಡ್ರಮ್ ತಡೆದುಕೊಳ್ಳುತ್ತಾನೆ. ಮಿಕ್ಸರ್ ಯಾವಾಗ ಕಿರುಚುತ್ತದೆ ಅಂತ ಅವನಿಗೆ ಗೊತ್ತಿರುವುದಿಲ್ಲ. ಡ್ರಮ್ಮಿನ ಪೆಟ್ಟು ಬೀಳುವುದು ಅವನದೇ ಕೈಯಿಂದ, ಲೆಕ್ಕ ಹಿಡಿದು. ಕವಾಯತಿನ ನಡಿಗೆ ನಿಮಿಷಕ್ಕೆ 120 ಹೆಜ್ಜೆಯ ಆಸುಪಾಸು ಇರುತ್ತದೆ, ಮುಂದಿನ ಪೆಟ್ಟು ಎಲ್ಲಿ ಅಂತ ಮೊದಲೇ ಗೊತ್ತು. ಇದೇ ಹುಡುಗನನ್ನು ರಾಜ್ಯೋತ್ಸವದ ಮೆರವಣಿಗೆಗೆ ಚನ್ನಮ್ಮ ವೃತ್ತದ ಕಡೆ ನಾನು ಕರೆದುಕೊಂಡು ಹೋಗುವುದಿಲ್ಲ. ಅಲ್ಲಿ ಒಂದು ಡಿಜೆ ಮುಗಿಯುವ ಮೊದಲೇ ಇನ್ನೊಂದು ಶುರುವಾಗುತ್ತದೆ. ಎಲ್ಲ ಮಕ್ಕಳೂ ಹೀಗೇ ಅಂತ ಹೇಳುತ್ತಿಲ್ಲ. ನಿಮ್ಮ ಮಗನಿಗೆ ಯಾವ ಸದ್ದು ಆಗಿಬರಲ್ಲ ಅಂತ ನಿಮಗೇ ಚೆನ್ನಾಗಿ ಗೊತ್ತು.

ಸಿಂಬಲ್ಸ್, ಅಂದರೆ ಲೋಹದ ದೊಡ್ಡ ತಾಳ, ಬಾರಿಸುವವರ ಪಕ್ಕದಲ್ಲಿ ಮಾತ್ರ ನಿಲ್ಲಿಸಬೇಡಿ ಅಂತ ಹೇಳಿ. ಕಿವಿಯೊಳಗೆ ಇಡುವ ಇಯರ್ ಪ್ಲಗ್ ಕೊಡಿಸಿ, ಟೋಪಿ ಹಾಕಿದರೂ ಅಡ್ಡ ಬರಲ್ಲ.

ನಿಜವಾದ ಕಷ್ಟ ಬ್ಯಾಂಡ್ ಮೈದಾನದಲ್ಲಿ ನಡೆಯದೆ ಒಂದೇ ಕಡೆ ನಿಂತಾಗ ಬರುತ್ತದೆ. ನಮ್ಮಲ್ಲಿ ಆಗಸ್ಟ್ 15ರ ತಾಲೀಮು ನಡೆಯುವುದೇ ಜುಲೈ ಮಳೆಯಲ್ಲಿ. ಮೈದಾನ ಕೆಸರಾಯಿತು ಅಂದರೆ ಎಲ್ಲರೂ ಒಳಗೆ, ಹಾಲ್‌ಗೆ. ತಗಡಿನ ಚಾವಣಿ, ನಾಲ್ಕು ಗೋಡೆ. ಅದೇ ಡ್ರಮ್ಮಿನ ಸದ್ದು ತಿರುಗಿ ತಿರುಗಿ ಬಂದು ಬಡಿಯುತ್ತದೆ. ಒಮ್ಮೆ ನನ್ನ ಮಗ ಕೋಲು ಕೆಳಗಿಟ್ಟು ಗೋಡೆಗೆ ಹಣೆ ಒತ್ತಿ ನಿಂತುಬಿಟ್ಟಿದ್ದ. ಅಂದಿನಿಂದ ಪಿ.ಟಿ. ಸರ್ ಮಳೆ ಇದ್ದರೆ ಬೆಳಿಗ್ಗೆಯೇ ಹೇಳಿಕಳಿಸುತ್ತಾರೆ. ಹಾಲ್‌ನಲ್ಲಿ ಅವನು ಬಾಗಿಲ ಹತ್ತಿರ ನಿಲ್ಲುತ್ತಾನೆ, ಬೇಕಾದರೆ ಹೊರಗೆ ಹೋಗಿ ಬರುತ್ತಾನೆ. ಯಾರನ್ನೂ ಕೇಳಬೇಕಿಲ್ಲ.

ಇನ್ನೊಂದು ಕಷ್ಟ ಅಂದರೆ ಕಾಯುವುದು. ಕಾರ್ಯಕ್ರಮದ ದಿನ ಮಕ್ಕಳನ್ನು ಬೆಳ್ಳಂಬೆಳಿಗ್ಗೆ ಸಾಲಿನಲ್ಲಿ ನಿಲ್ಲಿಸುತ್ತಾರೆ. ಅತಿಥಿ ತಡವಾಗಿ ಬರ್ತಾರೆ, ಭಾಷಣ ಉದ್ದ ಆಗುತ್ತದೆ. ಎಷ್ಟು ಹೊತ್ತು ಅಂತ ಯಾರಿಗೂ ಗೊತ್ತಿಲ್ಲ. ಹೀಗೆ ಗೊತ್ತಿಲ್ಲದೆ ನಿಲ್ಲುವುದು ಈ ಮಕ್ಕಳಿಗೆ ತುಂಬಾ ಭಾರ. ಅದಕ್ಕೇ ಅವನ ಜೇಬಿನಲ್ಲಿ ಒಂದು ಚೀಟಿ ಇಡುತ್ತೇವೆ. ಮೊದಲು ಧ್ವಜ, ಆಮೇಲೆ ಭಾಷಣ, ಆಮೇಲೆ ಪಥಸಂಚಲನ. ಗಂಟೆ ಬರೆಯಲ್ಲ, ಬರೀ ಕ್ರಮ. ಗಂಟೆ ತಪ್ಪಬಹುದು, ಕ್ರಮ ಸಾಮಾನ್ಯವಾಗಿ ತಪ್ಪಲ್ಲ. ಒಂದೊಂದು ಮುಗಿದಂತೆ ಚೀಟಿಯ ಅಂಚು ಮಡಚುತ್ತಾನೆ.

ಸಮವಸ್ತ್ರ ಮೊದಲೇ ಮನೆಗೆ ತರಿಸಿಕೊಳ್ಳಿ. ಹೊಸ ಕಾಲರ್ ಕುತ್ತಿಗೆಗೆ ಚುಚ್ಚುತ್ತೆ. ನಾಲ್ಕಾರು ಸಲ ಒಗೆದು ಮೆತ್ತಗೆ ಮಾಡಿ, ಹಿಂದಿನ ಲೇಬಲ್ ಕತ್ತರಿಸಿ, ಮನೆಯಲ್ಲಿ ಹಾಕಿ ಓಡಾಡಲಿ.

ಬ್ಯಾಂಡಿನಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದಿದೆ. ಮುಂದೆ ಕೋಲು ಹಿಡಿದು ನಡೆಯುವ ನಾಯಕ ಇರ್ತಾನಲ್ಲ, ಅವನ ಕೋಲಿನ ಸನ್ನೆಯಲ್ಲೇ ಎಲ್ಲ ನಡೆಯುತ್ತದೆ. ಗದ್ದಲದಲ್ಲಿ ಯಾರ ಮಾತೂ ಕೇಳಿಸಿಕೊಳ್ಳಬೇಕಿಲ್ಲ, ಮುಖ ನೋಡಿ ಮನಸ್ಸು ಊಹಿಸಬೇಕಿಲ್ಲ. ನನ್ನ ಮಗನಿಗೆ ಇಷ್ಟು ಸ್ಪಷ್ಟವಾಗಿ ಮಾತಾಡುವ ಜಾಗ ಶಾಲೆಯಲ್ಲಿ ಬೇರೆ ಇಲ್ಲ. ಮೊದಮೊದಲು ಪಕ್ಕದವನ ತಾಳ ತಪ್ಪಿದರೆ ಬಾರಿಸೋದು ನಿಲ್ಲಿಸಿ "ನಿಂದು ತಪ್ಪು" ಅಂತ ಹೇಳಿಬಿಡುತ್ತಿದ್ದ. ಜಗಳ ಶುರು. ಪಿ.ಟಿ. ಸರ್ ಅವನಿಗೆ ಬೈಯಲಿಲ್ಲ. "ತಪ್ಪಿದವರನ್ನ ನಾ ನೋಡ್ಕೋತೀನಿ. ನೀ ಕೋಲಷ್ಟ ನೋಡಪಾ" ಅಂದರು. ಅದು ಅವನಿಗೆ ನಿಯಮವಾಯಿತು, ಈಗಲೂ ಪಾಲಿಸುತ್ತಾನೆ.

ಶಾಲೆಯವರು ಒಪ್ಪದಿದ್ದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯನ್ನು ಮುಂದಿಡಿ. ಅದರಲ್ಲಿ ಆಟಿಸಂ ಸೇರಿದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆ ಇಂಥ ಮಕ್ಕಳಿಗೆ ಪಾಠದ ಜೊತೆ ಆಟ, ಮನರಂಜನೆಯ ಚಟುವಟಿಕೆಗಳಲ್ಲೂ ಉಳಿದವರಂತೆಯೇ ಅವಕಾಶ ಕೊಡಬೇಕು, ಅವರವರ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕು ಅಂತ 16ನೇ ಸೆಕ್ಷನ್ ಹೇಳುತ್ತದೆ. ಜಗಳ ಬೇಡ, ಮೆತ್ತಗೆ ಹೇಳಿ, ಆದರೆ ಹೇಳಿ. "ಪಾಪ, ಕೈಗೊಂದು ಬಾವುಟ ಕೊಟ್ಟು ಅಂಚಿಗೆ ನಿಲ್ಲಿಸ್ತೀವಿ" ಅಂದರೆ ಒಪ್ಪಬೇಡಿ. ಅವನು ಕೇಳಿದ್ದು ಬಾರಿಸೋದಕ್ಕೆ, ಫೋಟೋಕ್ಕಲ್ಲ.

ಮುಖ್ಯೋಪಾಧ್ಯಾಯರಿಗಿಂತ ಮೊದಲು ಪಿ.ಟಿ. ಸರ್ ಜೊತೆ ಮಾತಾಡಿ, ಅದೂ ಜೂನ್‌ನಲ್ಲೇ. ಜುಲೈಗೆ ಸಾಲು ಹಾಕಿ ಮುಗಿಸಿರುತ್ತಾರೆ, ಆಮೇಲೆ ಯಾರನ್ನೂ ಆಚೀಚೆ ಮಾಡುವುದು ಅವರಿಗೂ ಕಷ್ಟ.